ಎರಡಂತಸ್ತಿನ ಕಂಟೇನರ್ ರೈಲು ವೈಟ್‌ಫೀಲ್ಡಿಗೆ ಬರಬಹುದೇ?

ದೊಡ್ಡಪ್ಪ: (ವಿಡಿಯೊ) ಸರಕು ರೈಲುಗಳಿಗಾಗಿಯೇ ಹಾಕಿರುವ ಪಶ್ಚಿಮದ ಸರಕು ಕಾರಿಡಾರಿನಲ್ಲಿ ವಿದ್ಯುತ್ ಎಂಜಿನ್ ಕಂಟೇನರಿನ ಮೇಲೆ ಕಂಟೇನರ್ ಹೇರಿದ ರೈಲನ್ನು ಎಳೆಯುವುದನ್ನು ಎಲ್ಲರೂ ನೋಡಿ. 2021ರ ಜನವರಿಯಲ್ಲಿ ಹರಿಯಾಣದ ನ್ಯೂ ಅಟೇಲಿಯಿಂದ ರಾಜಸ್ಥಾನದ ನ್ಯೂ ಕಿಶನ್‌ಗಢಕ್ಕೆ ಹೊರಟ ಇಂಥ ಮೊದಲ ರೈಲು ಒಂದೂವರೆ ಕಿಲೋಮೀಟರ್ ಉದ್ದವಿತ್ತು. ವೈಟ್‌ಫೀಲ್ಡಿನಿಂದ ಚೆನ್ನೈ ಬಂದರಿಗೆ ಹೋಗುವ ನಮ್ಮ ಸರಕಿಗೆ ಈ ಅನುಕೂಲ ಏಕಿಲ್ಲ? ಅದೇ ಹಳಿಯ ಮೇಲೆ ಡಬಲ್ ಡೆಕರ್ ಪ್ರಯಾಣಿಕರ ರೈಲು ಓಡುತ್ತಿದೆಯಲ್ಲ.

ನಾನು: ದೊಡ್ಡಪ್ಪ, ಆ ಡಬಲ್ ಡೆಕರ್ ಬೋಗಿಯ ಕೆಳ ಅಂತಸ್ತು ಗಾಲಿಗಳ ನಡುವಿನ ತಗ್ಗಿನಲ್ಲಿ ಇಳಿದಿರುವುದರಿಂದ ಅದರ ಒಟ್ಟು ಎತ್ತರ 4.5 ಮೀಟರಿಗಿಂತ ಕಡಿಮೆ. ಹಡಗಿಗೆ ಹೋಗುವ ಎತ್ತರದ ಕಂಟೇನರ್ ಒಂದೊಂದೂ 2.9 ಮೀಟರ್, ವ್ಯಾಗನ್ನಿನ ಹಾಸು ನೆಲದಿಂದ ಸುಮಾರು ಒಂದು ಮೀಟರ್ ಮೇಲಿರುತ್ತದೆ. ಎರಡನ್ನು ಪೇರಿಸಿದರೆ 6.8 ಮೀಟರ್ ಆಗುತ್ತದೆ, ನಮ್ಮ ಮಾರ್ಗದ ವಿದ್ಯುತ್ ತಂತಿ ಇರುವುದೇ ಸುಮಾರು 5.5 ಮೀಟರಿನಲ್ಲಿ. ಪಶ್ಚಿಮ ಕಾರಿಡಾರಿನಲ್ಲಿ ತಂತಿಯನ್ನು ಸುಮಾರು 7.5 ಮೀಟರಿಗೆ ಕಟ್ಟಿ, ಎಂಜಿನ್ನಿಗೆ ಉದ್ದನೆಯ ಪ್ಯಾಂಟೋಗ್ರಾಫ್ (ತಂತಿಯಿಂದ ವಿದ್ಯುತ್ ಪಡೆಯುವ, ಎಂಜಿನ್ನಿನ ಮೇಲಿನ ತೋಳು) ಕೊಟ್ಟು, ಹರಿಯಾಣದ ಸೋಹನಾದಲ್ಲಿ ಅರಾವಳಿಯನ್ನು ಕೊರೆದ ಸುರಂಗವನ್ನೂ ಆ ಅಳತೆಗೇ ಮಾಡಿದ್ದಾರೆ.

ದೊಡ್ಡಪ್ಪ: ಹಾಗಿದ್ದರೆ ಗಿಡ್ಡ ಕಂಟೇನರ್ ಬಳಸಬಹುದು. 2018ರಲ್ಲಿ ರಾಜಕೋಟದಿಂದ ಸಾಮಾನ್ಯ ತಂತಿಯ ಕೆಳಗೇ ಅವನ್ನು ಎರಡಂತಸ್ತಾಗಿ ಓಡಿಸಿದರು.

ಭಾವ: ದೊಡ್ಡ ಮಾವ, ಅವು ದೇಶದೊಳಗಿನ ಸಾಗಣೆಗೆ ಸರಿ. ನನ್ನ ಸಿದ್ಧ ಉಡುಪು ಯುರೋಪಿಗೆ ಹೋಗಬೇಕಾದರೆ ಬಂದರಿನಲ್ಲಿ ಎಲ್ಲವನ್ನೂ ಇಳಿಸಿ ಹಡಗಿನ ಕಂಟೇನರಿಗೆ ಮತ್ತೆ ತುಂಬಬೇಕಾಗುತ್ತದೆ. ಆ ಖರ್ಚಿಗೆ ಲಾರಿಯೇ ವಾಸಿ. ಆದರೆ ತಂತಿ ಎತ್ತರಿಸುವುದು ದುಬಾರಿ ಎಂಬ ಕಾರಣಕ್ಕೆ ಕೈಚೆಲ್ಲುವುದನ್ನು ನಾನು ಒಪ್ಪುವುದಿಲ್ಲ. ಪ್ರಯಾಣಿಕರ ರೈಲುಗಳ ನಡುವೆ ಸರಕಿಗೆ ಸಿಗುವ ಅವಕಾಶವೇ ಕಡಿಮೆಯಿರುವಾಗ, ಸಿಕ್ಕ ಒಂದು ಸರದಿಯಲ್ಲಿ ಇಮ್ಮಡಿ ಪೆಟ್ಟಿಗೆ ಹೋಗುವುದು ದೊಡ್ಡ ಲಾಭವಲ್ಲವೇ?

ನಾನು: ಉಡುಪಿನಂಥ ಹಗುರ ಸರಕಿಗೆ ನಿಮ್ಮ ಮಾತು ಸರಿ, ಭಾವ. ಗ್ರಾನೈಟ್ ತುಂಬಿದ 20 ಅಡಿಯ ಎರಡು ಕಂಟೇನರ್ ಕೆಳಗೆ ಕೂತರೆ, ಮೇಲೆ ಜಾಗವಿದ್ದರೂ ವ್ಯಾಗನ್ನಿನ ಭಾರದ ಮಿತಿ ಬಹುಪಾಲು ಅಲ್ಲಿಗೇ ಮುಗಿಯುತ್ತದೆ. ಹಳೆಯ ಜೋಡಿಹಳಿಯಲ್ಲಿ ತಂತಿ ಎತ್ತರಿಸಿದರೆ ಅಲ್ಲಿ ಓಡುವ ಪ್ರತಿಯೊಂದು ಪ್ರಯಾಣಿಕರ ರೈಲಿನ ಎಂಜಿನ್ನಿಗೂ ಪ್ಯಾಂಟೋಗ್ರಾಫ್ ಬದಲಿಸಬೇಕು; ಬಂಗಾರಪೇಟೆಯಿಂದ ಜೋಲಾರ್‌ಪೇಟೆಯವರೆಗೆ, ಅದರಾಚೆಗೂ, ತಗ್ಗಾದ ಪ್ರತಿ ಮೇಲ್ಸೇತುವೆಯನ್ನು ಎತ್ತರಿಸಬೇಕು. ಒಂದೇ ಒಂದು ಸೇತುವೆ ತಗ್ಗಾಗಿ ಉಳಿದರೂ ಉಳಿದ ಖರ್ಚೆಲ್ಲ ವ್ಯರ್ಥ. ಆದ್ದರಿಂದ ಸರಕಿಗಾಗಿಯೇ ಹೊಸ ಹಳಿ ಹಾಕುವಾಗ ಈ ಎತ್ತರವನ್ನು ಕೇಳಬೇಕು ಎಂಬುದು ನನ್ನ ನಿಲುವು.

ದೊಡ್ಡಪ್ಪ: ಹೊಸ ಹಳಿಗೆ ಕಾಯುತ್ತಾ ಕೂತರೆ ಅಷ್ಟರಲ್ಲಿ ಇನ್ನಷ್ಟು ತಗ್ಗು ಸೇತುವೆಗಳು ಎದ್ದಿರುತ್ತವೆ, ಮಗು.

ನಾನು: ಆ ಮಾತನ್ನು ಪೂರ್ತಿ ಒಪ್ಪುತ್ತೇನೆ, ದೊಡ್ಡಪ್ಪ. ಈ ಮಾರ್ಗದ ಮೇಲೆ ಇಂದು ಕಟ್ಟುವ ಸೇತುವೆ ಹಲವು ದಶಕ ನಿಲ್ಲುತ್ತದೆ. ನಕ್ಷೆಯ ಹಂತದಲ್ಲೇ ಎರಡು ಮೀಟರ್ ಹೆಚ್ಚು ಎತ್ತರ ಸೇರಿಸುವ ಖರ್ಚು, ಕಟ್ಟಿದ್ದನ್ನು ಕೆಡವಿ ಮತ್ತೆ ಕಟ್ಟುವ ಖರ್ಚಿಗಿಂತ ಬಹಳ ಕಡಿಮೆ.

ಭಾವ: ಹಾಗಾದರೆ ನಮ್ಮ ರಫ್ತುದಾರರ ಸಂಘದಿಂದ ರೈಲ್ವೆಗೆ ಈ ಸೇತುವೆಗಳ ವಿಷಯವನ್ನಷ್ಟೇ ಬರೆಯುತ್ತೇನೆ. ಅಳತೆಗಳನ್ನು ನೀನು ಬರೆದುಕೊಡು.