ಗ್ರಿಲ್ಡ್ ಚೀಸ್: ಮೇಲಿನ ಮಸಾಲೆ ಸೀದುಹೋಗುತ್ತದೆ, ಒಳಗಿನ ಚೀಸ್ ಕರಗುವುದಿಲ್ಲ

ಹಾಸನದ ಹುಡುಗಿ, ಮ್ಯಾಡಿಸನ್:

ಎಲ್ಲರಿಗೂ ನಮಸ್ಕಾರ. ಮೂರು ಸಲ ಸೋತ ಮೇಲೆ ಇಲ್ಲಿ ಕೇಳುತ್ತಿದ್ದೇನೆ.

ನನ್ನ ಮಗಳಿಗೆ ಎಂಟು ವರ್ಷ. ಹೋದ ತಿಂಗಳು ಗೆಳತಿಯ ಮನೆಯಲ್ಲಿ ಗ್ರಿಲ್ಡ್ ಚೀಸ್ ಸ್ಯಾಂಡ್‌ವಿಚ್ ತಿಂದು ಬಂದಳು. ಅವತ್ತಿನಿಂದ ಅದೇ ಜಪ. ಬರೀ ಬೆಣ್ಣೆ ಹಚ್ಚಿ ಬೇಯಿಸಿದ್ದಲ್ಲವಂತೆ. ಬ್ರೆಡ್ಡಿನ ಹೊರಮೈಗೇ ಬೆಳ್ಳುಳ್ಳಿ, ಒಣಗಿದ ಸೊಪ್ಪು, ಕೆಂಪು ಪುಡಿ ಎಲ್ಲ ಅಂಟಿಕೊಂಡು ಗರಿಗರಿಯಾಗಿತ್ತಂತೆ. "ಕಚ್ಚಿದರೆ ಮೊದಲು ಕರುಂ ಅನ್ನತ್ತೆ ಅಮ್ಮ, ಆಮೇಲೆ ಚೀಸ್ ದಾರದ ಹಾಗೆ ಬರತ್ತೆ" ಅಂದಳು. ನನಗೆ ಅದನ್ನೇ ಮಾಡಿಕೊಡಬೇಕು.

ನಾವಿರುವುದು ವಿಸ್ಕಾನ್ಸಿನ್. ಇಲ್ಲಿ ಚೀಸಿಗೆ ಬರವಿಲ್ಲ. ಕೋಲ್ಬಿ ಅನ್ನುವ ಚೀಸ್ ಹುಟ್ಟಿದ್ದೇ ಈ ರಾಜ್ಯದಲ್ಲಿ, 1885ರಲ್ಲಿ. ಶನಿವಾರ ಕ್ಯಾಪಿಟಲ್ ಕಟ್ಟಡದ ಸುತ್ತ ನಡೆಯುವ ಸಂತೆಯಲ್ಲಿ ಹೊಸದಾಗಿ ಮಾಡಿದ ಚೀಸಿನ ಉಂಡೆಗಳು ಸಿಗುತ್ತವೆ. ಹಲ್ಲಿಗೆ ಕಿಚಿಕಿಚಿ ಅನ್ನುತ್ತವೆ, ಮಗಳಿಗೆ ಅದೂ ಪ್ರಾಣ. ಹಾಗಾಗಿ ಚೀಸಿನದ್ದು ತೊಂದರೆ ಅಲ್ಲ ಅಂದುಕೊಂಡಿದ್ದೇನೆ.

ನಾನು ಮಾಡಿದ್ದು ಹೀಗೆ. ಅಮ್ಮ ಕೊಟ್ಟ ಕಬ್ಬಿಣದ ದೋಸೆ ಕಾವಲಿ ಇದೆ, ಅದನ್ನೇ ಇಟ್ಟೆ. ನೀರು ಚಿಮುಕಿಸಿದಾಗ ಚುರ್ ಅಂದಿತು. ಬೆಣ್ಣೆ ಹಾಕಿ, ಅದರ ಮೇಲೆ ಬೆಳ್ಳುಳ್ಳಿ ಪುಡಿ, ಅಚ್ಚ ಖಾರದ ಪುಡಿ, ಒರಿಗಾನೊ ಉದುರಿಸಿ ಸ್ಯಾಂಡ್‌ವಿಚ್ ಇಟ್ಟೆ. ಒಂದು ನಿಮಿಷಕ್ಕೆ ಅಡಿ ಕಪ್ಪು. ಮನೆಯೆಲ್ಲ ಘಾಟು, ಹೊಗೆಗೆ ಅಲಾರಂ ಹೊಡೆದುಕೊಂಡಿತು, ಮಗು ಹೆದರಿ ಅತ್ತಳು. ಒಳಗೆ ನೋಡಿದರೆ ಚೀಸ್ ಇಟ್ಟ ಹಾಗೇ ಇದೆ, ಅಂಚು ಕೂಡ ಮೆತ್ತಗಾಗಿಲ್ಲ.

ಎರಡನೇ ಸಲ ಹಸಿ ಬೆಳ್ಳುಳ್ಳಿ ಜಜ್ಜಿ ಹಾಕಿದೆ. ಕಹಿ. ಮೂರನೇ ಸಲ ಉರಿ ತೀರಾ ಸಣ್ಣ ಮಾಡಿ, ಬೆಣ್ಣೆ ಕಾವಲಿಗೆ ಜಾಸ್ತಿ ಹಾಕಿದೆ. ಬ್ರೆಡ್ಡು ಅದನ್ನೆಲ್ಲ ಕುಡಿದು ಜಿಡ್ಡು ಜಿಡ್ಡಾಯಿತು. ಮಸಾಲೆ ಕಾವಲಿಯಲ್ಲೇ ಉಳಿಯಿತು.

ಕೆಲವರು ಬೆಣ್ಣೆ ಬದಲು ಮಯೋನೀಸ್ ಹಚ್ಚಿ ಅನ್ನುತ್ತಾರೆ. ನಮ್ಮ ಮನೆಯಲ್ಲಿ ಮೊಟ್ಟೆ ತಿನ್ನುವುದಿಲ್ಲ. ಬೇರೆ ದಾರಿ ಇದೆಯಾ?

ಬೆಣ್ಣೆದೋಸೆ, ನ್ಯೂಜೆರ್ಸಿ:

ಅಕ್ಕ, ನಮ್ಮ ಮನೆ ದಾವಣಗೆರೆ. ಇಲ್ಲಿಗೆ ಬಂದ ಮೇಲೆ ಆರು ವರ್ಷ ಒಂದು ಡೈನರಿನ ಅಡುಗೆಮನೆಯಲ್ಲಿ ಕೆಲಸ ಮಾಡಿದ್ದೇನೆ. ಮಧ್ಯಾಹ್ನದ ಹೊತ್ತು ಕಲ್ಲಿನ ಮೇಲೆ ಒಟ್ಟೊಟ್ಟಿಗೆ ಹತ್ತು ಹನ್ನೆರಡು ಗ್ರಿಲ್ಡ್ ಚೀಸ್ ಬೇಯುತ್ತಿದ್ದವು. ನೀವು ಬರೆದಿದ್ದನ್ನು ಓದಿದ ಕೂಡಲೇ ಗೊತ್ತಾಯಿತು. ನಿಮ್ಮ ಮಸಾಲೆ ಸರಿಯಾಗಿದೆ, ಕಾವಲಿಯ ಹದ ತಪ್ಪಿದೆ.

ನಮ್ಮ ಕೈಗೆ ದೋಸೆಯ ಹದ ಅಭ್ಯಾಸ. ನೀರು ಚುರ್ ಅಂದು ಹಾರಬೇಕು, ಆಗ ಹಿಟ್ಟು ಹುಯ್ಯಬೇಕು. ದೋಸೆ ಹಿಟ್ಟಿನಲ್ಲಿ ನೀರಿದೆ, ಅದು ಬಿದ್ದ ತಕ್ಷಣ ಕಾವಲಿ ತಣಿಯುತ್ತದೆ. ಬ್ರೆಡ್ಡು ಒಣ. ಅದು ಕಾವಲಿಯನ್ನು ತಣಿಸುವುದಿಲ್ಲ, ಕಾವನ್ನು ಬೇಗ ಒಳಗೂ ಬಿಡುವುದಿಲ್ಲ. ಚೀಸ್ ಕರಗುವುದಕ್ಕೆ ಸುಮಾರು 65 ಡಿಗ್ರಿ ಸಾಕು. ಆದರೆ ಆ ಕಾವು ಬ್ರೆಡ್ಡಿನ ಒಳಗಿಂದ ನಿಧಾನಕ್ಕೆ ಹೋಗಿ ಮುಟ್ಟಬೇಕಲ್ವಾ? ಅಷ್ಟರಲ್ಲಿ ಹೊರಗೆ ಮೆಣಸಿನ ಪುಡಿ ಸೀದುಹೋಗಿರುತ್ತದೆ. ಅದಕ್ಕೇ ಗ್ರಿಲ್ಡ್ ಚೀಸಿಗೆ ಕಾವಲಿ ದೋಸೆಗಿಂತ ತುಂಬಾ ತಣ್ಣಗಿರಬೇಕು. ಬೆಣ್ಣೆಯ ಚೂರು ಹಾಕಿದರೆ ಮೆಲ್ಲಗೆ ನೊರೆ ಬರಬೇಕು, ಬಣ್ಣ ತಿರುಗಬಾರದು. ತಿರುಗಿದರೆ ಕಾವಲಿ ಕೆಳಗಿಳಿಸಿ ಕಾಯಿರಿ. ಕಬ್ಬಿಣ ಕಾವು ಹಿಡಿದಿಟ್ಟುಕೊಳ್ಳುತ್ತದೆ, ಒಲೆ ಸಣ್ಣ ಮಾಡಿದ ಮಾತ್ರಕ್ಕೆ ತಣಿಯುವುದಿಲ್ಲ.

ಇನ್ನು ಮಸಾಲೆ. ಅದನ್ನು ಕಾವಲಿಗೆ ಯಾವತ್ತೂ ಹಾಕಬೇಡಿ. ಬೆಣ್ಣೆಗೆ ಕಲಸಿ, ಬೆಣ್ಣೆಯನ್ನು ಬ್ರೆಡ್ಡಿಗೆ ಹಚ್ಚಿ. ಕಾವಲಿ ಒಣಗಿರಲಿ. ಎರಡು ಸ್ಯಾಂಡ್‌ವಿಚ್‌ಗೆ ನನ್ನ ಲೆಕ್ಕ: ಉಪ್ಪಿಲ್ಲದ ಮೆತ್ತನೆ ಬೆಣ್ಣೆ ಎರಡು ದೊಡ್ಡ ಚಮಚ, ತುಪ್ಪ ಒಂದು ಚಿಕ್ಕ ಚಮಚ, ಬೆಳ್ಳುಳ್ಳಿ ಪುಡಿ ಕಾಲು ಚಿಕ್ಕ ಚಮಚ, ಬ್ಯಾಡಗಿ ಮೆಣಸಿನ ಪುಡಿ ಕಾಲು ಚಿಕ್ಕ ಚಮಚ, ಒರಿಗಾನೊ ಅಂಗೈಯಲ್ಲಿ ತಿಕ್ಕಿ ಒಂದು ಚಿಟಿಕೆ. ಬ್ಯಾಡಗಿಯೇ ಯಾಕೆ ಅಂದರೆ ಅದರಲ್ಲಿ ಬಣ್ಣ ಜಾಸ್ತಿ, ಖಾರ ಕಡಿಮೆ. ಮಗುವಿಗೆ ಅದೇ ಸರಿ. ಆ ಕೆಂಪು ಬಿಡುವುದು ಜಿಡ್ಡಿನಲ್ಲೇ. ಕಲಸಿ ಹತ್ತು ನಿಮಿಷ ಬಿಟ್ಟರೆ ಬೆಣ್ಣೆ ಚೆಂದದ ಕಿತ್ತಳೆ ಬಣ್ಣಕ್ಕೆ ಬರುತ್ತದೆ. ತುಪ್ಪ ಸೇರಿಸುವುದು ಇನ್ನೊಂದು ಕಾರಣಕ್ಕೆ. ಬೆಣ್ಣೆಯಲ್ಲಿ ಸೀಯುವುದು ಹಾಲಿನ ಅಂಶ. ತುಪ್ಪದಲ್ಲಿ ಅದು ಇರುವುದಿಲ್ಲ.

ಬ್ರೆಡ್ಡಿನ ಅಂಚಿನವರೆಗೂ ಹಚ್ಚಿ, ಮೂಲೆ ಬಿಡಬೇಡಿ. ಮೂಲೆಯೇ ಎಲ್ಲಕ್ಕಿಂತ ಗರಿಗರಿ ಆಗುವ ಜಾಗ.

ಚೀಸನ್ನು ಅರ್ಧ ಗಂಟೆ ಮೊದಲೇ ಫ್ರಿಜ್ಜಿನಿಂದ ಹೊರಗಿಡಿ. ತುಂಡು ಇಡುವ ಬದಲು ತುರಿಯಿರಿ, ಬೇಗ ಕರಗುತ್ತದೆ. ತುರಿದು ಪ್ಯಾಕೆಟ್ಟಿನಲ್ಲಿ ಮಾರುವುದು ಬೇಡ. ಅಂಟದಿರಲಿ ಅಂತ ಅದಕ್ಕೆ ಪುಡಿ ಸವರಿರುತ್ತಾರೆ, ಕರಗಿದಾಗ ನುಣ್ಣಗೆ ಬರುವುದಿಲ್ಲ. ಮೊದಲ ಮಗ್ಗುಲು ಬೇಯುವಾಗ ತಟ್ಟೆ ಮುಚ್ಚಿ, ನಾಲ್ಕು ನಿಮಿಷ. ತಿರುವಿ ಹಾಕಿದ ಮೇಲೆ ಮುಚ್ಚಬೇಡಿ, ಹಬೆಗೆ ಗರಿ ಹೋಗುತ್ತದೆ. ಎರಡನೇ ಮಗ್ಗುಲಿಗೆ ಮೂರು ನಿಮಿಷ ಸಾಕು. ಒತ್ತಬೇಡಿ.

ಕೊನೆಗೆ ಇನ್ನೊಂದು. ಎರಡೂ ಮಗ್ಗುಲು ಬೆಂದ ಮೇಲೆ ಒಂದು ಹಿಡಿ ಚೀಸ್ ತುರಿಯನ್ನು ಕಾವಲಿಗೇ ಉದುರಿಸಿ, ಅದರ ಮೇಲೆ ಸ್ಯಾಂಡ್‌ವಿಚ್ ಇಡಿ. ಚೀಸ್ ಮೊದಲು ಗುಳ್ಳೆ ಬಿಡುತ್ತದೆ, ನೀರು ಆರಿದ ಮೇಲೆ ಗುಳ್ಳೆಯ ಸದ್ದು ನಿಲ್ಲುತ್ತದೆ. ಅಂಚು ಜೇನಿನ ಬಣ್ಣಕ್ಕೆ ಬಂದು ತಾನಾಗಿಯೇ ಕಾವಲಿ ಬಿಡುತ್ತದೆ. ಅದಕ್ಕಿಂತ ಮೊದಲು ಮಗುಚುವ ಕೈ ಹಾಕಿದರೆ ಕಿತ್ತು ಬರುತ್ತದೆ. ನಿಮ್ಮ ಮಗಳು ಹೇಳಿದ ಕರುಂ ಇದೇ ಇರಬೇಕು.

ಗೋಡಂಬಿ, ಮಂಗಳೂರು:

ಮೇಲಿನವರು ಹೇಳಿದ ಚೀಸ್ ಹೊದಿಕೆಗೆ ತುಂಬಾ ಜನ ಪಾರ್ಮೆಸಾನ್ ಬಳಸುತ್ತಾರೆ. ಮೊಟ್ಟೆ ತಿನ್ನದವರು ಅಂದಿರಲ್ಲ, ಅದಕ್ಕೆ ಹೇಳುತ್ತಿದ್ದೇನೆ. ಇಟಲಿಯ ಅಸಲಿ ಪಾರ್ಮಿಜಾನೊ ರೆಜ್ಜಾನೊಗೆ ಹಾಲು ಒಡೆಯಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಹಾಕಲೇಬೇಕು, ಅದು ಅಲ್ಲಿನ ನಿಯಮ. ನಮ್ಮೂರಲ್ಲಾದರೆ ಪ್ಯಾಕೆಟ್ ಮೇಲೆ ಹಸಿರು ಚುಕ್ಕೆ ನೋಡಿ ತೆಗೆದುಕೊಳ್ಳುತ್ತೇವೆ. ಅಲ್ಲಿ ಆ ಚುಕ್ಕೆ ಇರುವುದಿಲ್ಲ. ಚೆಡ್ಡರ್, ಕೋಲ್ಬಿ ಯಾವುದೇ ಇರಲಿ, ಮೈಕ್ರೋಬಿಯಲ್ ಅಥವಾ ವೆಜಿಟೇರಿಯನ್ ರೆನೆಟ್ ಅಂತ ಬರೆದಿದೆಯಾ ನೋಡಿಕೊಳ್ಳಿ. ನನಗೆ ಇದು ಗೊತ್ತಾಗುವ ಹೊತ್ತಿಗೆ ಅತ್ತೆಗೆ ಎಷ್ಟೋ ಸಲ ಬಡಿಸಿಬಿಟ್ಟಿದ್ದೆ. ಇವತ್ತಿಗೂ ಅದು ಮನಸ್ಸಿಗೆ ಚುಚ್ಚುತ್ತದೆ.

ಶೇಂಗಾ ಹಿಂಡಿ, ಧಾರವಾಡ:

ನಮ್ಮ ಮನೆಯಲ್ಲಿ ಹೊರಗಡೆಗೆ ಚಟ್ನಿಪುಡಿ ಹಚ್ಚುತ್ತೇವೆ ರೀ. ಬೆಲ್ಲ ಹಾಕಿದ ಚಟ್ನಿಪುಡಿ ಮಾತ್ರ ಬೇಡ, ಬೆಲ್ಲ ಬೇಗ ಸೀಯುತ್ತದೆ. ಪುಡಿಯಲ್ಲಿರುವ ಬೇಳೆ, ಕೊಬ್ಬರಿ ಮೊದಲೇ ಹುರಿದಿರುತ್ತವೆ, ಅವಕ್ಕೆ ಇನ್ನೊಮ್ಮೆ ಉರಿ ಬೇಕಾಗಿಲ್ಲ. ಬರೀ ಬೆಣ್ಣೆಯಲ್ಲಿ ಎರಡೂ ಕಡೆ ಬೇಯಿಸಿ, ಒಲೆ ಆರಿಸಿ. ಆಮೇಲೆ ಬಿಸಿ ಮೈಗೆ ತುಪ್ಪ ಸವರಿ ಪುಡಿ ಒತ್ತಬೇಕು. ಆ ಕಾವಿಗೇ ಹಿಡಿದುಕೊಳ್ಳುತ್ತದೆ.

ಹಾಸನದ ಹುಡುಗಿ, ಮ್ಯಾಡಿಸನ್:

ಬೆಣ್ಣೆದೋಸೆ ಅಣ್ಣ, ಇವತ್ತು ಮಧ್ಯಾಹ್ನ ಮಾಡಿದೆ. ಅಲಾರಂ ಹೊಡೆಯಲಿಲ್ಲ.

ನೀರು ಚಿಮುಕಿಸುವುದನ್ನು ಬಿಟ್ಟು ಬೆಣ್ಣೆ ಚೂರು ಹಾಕಿ ನೋಡಿದೆ. ಮೊದಲ ಸಲ ಕಂದು ಬಣ್ಣಕ್ಕೆ ತಿರುಗಿತು. ಕಾವಲಿ ಇಳಿಸಿ, ಒರೆಸಿ, ಪೂರ್ತಿ ಐದು ನಿಮಿಷ ಕಾದೆ. ಆಮೇಲೆ ಬರೀ ನೊರೆ ಬಂತು. ಮುಚ್ಚಿದ ತಟ್ಟೆ ತೆಗೆದಾಗ ಚೀಸ್ ಬದಿಯಿಂದ ಇಳಿಯುತ್ತಿತ್ತು. ತಿರುವಿ ಹಾಕಿದೆ. ಮೇಲ್ಗಡೆ ಕಿತ್ತಳೆ ಬಣ್ಣ, ಅದರ ಮೇಲೆ ಒರಿಗಾನೊ ಹಸಿರು ಹಸಿರಾಗೇ ಇದೆ, ಒಂದು ಚೂರೂ ಕಪ್ಪಾಗಿಲ್ಲ. ನಾನು ಸ್ವಲ್ಪ ಹೊತ್ತು ಸುಮ್ನೆ ಅದನ್ನೇ ನೋಡುತ್ತಾ ನಿಂತಿದ್ದೆ.

ಚೀಸ್ ಹೊದಿಕೆ ಮೊದಲನೆಯದಕ್ಕೆ ಕಿತ್ತು ಬಂತು, ಆತುರಪಟ್ಟೆ. ಎರಡನೆಯದಕ್ಕೆ ಸದ್ದು ನಿಲ್ಲುವವರೆಗೂ ಕಾದೆ. ದೋಸೆ ಏಳುವ ಹಾಗೆ ತಾನೇ ಎದ್ದಿತು. ಸುತ್ತ ಜಾಲರಿಯ ಹಾಗೆ ಅಂಚು. ಮಗಳು ಮೊದಲು ಆ ಅಂಚನ್ನೇ ಸುತ್ತಲೂ ಮುರಿದು ತಿಂದಳು, ಆಮೇಲೆ ಒಳಗಿನದು. ಇಲ್ಲಿಯವರು ಇದರ ಜೊತೆ ಟೊಮೇಟೊ ಸೂಪ್ ಕೊಡುತ್ತಾರೆ. ನಾನು ಬೇಳೆ ಹಾಕದೆ ತೆಳ್ಳಗೆ ಟೊಮೇಟೊ ಸಾರು ಮಾಡಿದ್ದೆ. ಅದರಲ್ಲಿ ಅದ್ದಿಕೊಂಡು ತಿಂದಳು.

ಗೋಡಂಬಿಯವರೇ, ಮನೆಯಲ್ಲಿದ್ದ ಚೆಡ್ಡರಿನ ಪ್ಯಾಕೆಟ್ ನೋಡಿದೆ, ಮೈಕ್ರೋಬಿಯಲ್ ಅಂತಲೇ ಇದೆ. ಈ ವಿಷಯ ನನಗೆ ಗೊತ್ತೇ ಇರಲಿಲ್ಲ. ತಿಳಿಸಿದ್ದಕ್ಕೆ ತುಂಬಾ ಉಪಕಾರವಾಯಿತು.

ಕಲಸಿದ ಬೆಣ್ಣೆ ಅರ್ಧ ಬಟ್ಟಲು ಉಳಿದಿದೆ. ಎಷ್ಟು ದಿನ ಇಡಬಹುದು?

ಬೆಣ್ಣೆದೋಸೆ, ನ್ಯೂಜೆರ್ಸಿ:

ಒಣ ಬೆಳ್ಳುಳ್ಳಿ ಪುಡಿ ಅಲ್ವಾ, ಮುಚ್ಚಿ ಫ್ರಿಜ್ಜಿನಲ್ಲಿಟ್ಟರೆ ಒಂದು ವಾರ ಏನೂ ಆಗುವುದಿಲ್ಲ. ಹಸಿ ಬೆಳ್ಳುಳ್ಳಿ ಹಾಕಿದ್ದಾದರೆ ಅಷ್ಟು ದಿನ ಇಡಬೇಡಿ. ಹಚ್ಚುವ ಅರ್ಧ ಗಂಟೆ ಮೊದಲು ಹೊರಗೆ ತೆಗೆಯಿರಿ ಅಕ್ಕ, ಗಟ್ಟಿ ಬೆಣ್ಣೆ ಹಚ್ಚಲು ಹೋದರೆ ಬ್ರೆಡ್ಡು ಹರಿಯುತ್ತದೆ.