ಪದಚರ್ಚೆ: ಉಕ್ಕಿನ ಪ್ಲೇಟು, ತೊಲೆಗಳನ್ನು ಕಚ್ಚಿ ಎತ್ತುವ ‘ಕ್ಲಾಂಪ್’ಗೆ ಏನೆನ್ನೋಣ?

ಬಳಗದ ಹಿರಿಯರಿಗೂ ಗೆಳೆಯರಿಗೂ ಹಾಸನದಿಂದ ನಮಸ್ಕಾರಗಳು.

ಇಲ್ಲಿನ ಕೈಗಾರಿಕಾ ಪ್ರದೇಶದಲ್ಲಿ ಉಕ್ಕನ್ನು ಕತ್ತರಿಸಿ ಬೆಸೆಯುವ ಫ್ಯಾಬ್ರಿಕೇಶನ್ ಶೆಡ್ಡುಗಳ ಗೋಡೆಗೆ ಹಾಕಲು ಕನ್ನಡದಲ್ಲಿ ಸುರಕ್ಷತಾ ಸೂಚನೆಗಳನ್ನು ಬರೆದುಕೊಡುವ ಕೆಲಸವೊಂದನ್ನು ನಾನು ಒಪ್ಪಿಕೊಂಡಿದ್ದೇನೆ. ಕ್ರೇನು, ಸರಪಳಿ, ಕೊಕ್ಕೆ, ಬೆಲ್ಟು ಇವುಗಳವರೆಗೆ ಬರವಣಿಗೆ ತಡೆಯಿಲ್ಲದೆ ಸಾಗಿತು. ಕ್ರೇನಿನ ಕೊಕ್ಕೆಗೂ ಎತ್ತಬೇಕಾದ ಉಕ್ಕಿನ ಪ್ಲೇಟಿಗೂ ನಡುವೆ ಇದ್ದು, ಪ್ಲೇಟಿನ ಅಂಚನ್ನು ಕಚ್ಚಿ ಹಿಡಿಯುವ ಸಾಧನದ ಹತ್ತಿರ ಬಂದು ನಿಂತಿದೆ. ಶೆಡ್ಡಿನಲ್ಲಿ ಎಲ್ಲರೂ ಅದನ್ನು ‘ಕ್ಲಾಂಪ್’ ಎನ್ನುತ್ತಾರೆ. ಆ ಪದವನ್ನು ತೆಗೆದುಹಾಕಬೇಕೆಂಬ ಹಟ ನನಗಿಲ್ಲ. ಆದರೆ ಅದೇ ಒಂದು ಪದ ಬೇರೆ ಬೇರೆ ಕೆಲಸದ ಹಲವು ಸಾಧನಗಳಿಗೆ ನಡೆಯುತ್ತಿರುವುದರಿಂದ, ಗೋಡೆಯ ಮೇಲೆ ಬರೆದ ಎಚ್ಚರಿಕೆ ಯಾವುದರ ಬಗ್ಗೆ ಎಂಬುದೇ ಅಸ್ಪಷ್ಟವಾಗುತ್ತದೆ. ಆದ್ದರಿಂದ ಈ ಪತ್ರ.

ಮೊದಲು ಸಾಧನ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಹೇಳಿಬಿಡುತ್ತೇನೆ, ಏಕೆಂದರೆ ಪದದ ಆಯ್ಕೆ ಅದನ್ನೇ ಅವಲಂಬಿಸಿದೆ. ಪ್ಲೇಟನ್ನು ನೆಟ್ಟಗೆ ನಿಲ್ಲಿಸಿ ಎತ್ತುವ ಕ್ಲಾಂಪಿನಲ್ಲಿ ಕೆಳಮುಖವಾಗಿ ತೆರೆದ ಒಂದು ಬಾಯಿ ಇರುತ್ತದೆ. ಬಾಯಿಯ ಒಂದು ಪಕ್ಕದಲ್ಲಿ ಪ್ಲೇಟಿಗೆ ಒತ್ತಿ ಕೂರುವ ಗಟ್ಟಿ ಬಿಲ್ಲೆ, ಇನ್ನೊಂದು ಪಕ್ಕದಲ್ಲಿ ‘ಕ್ಯಾಮ್’ ಎಂಬ, ಹಲ್ಲುಗಳಿರುವ, ತಿರುಗಬಲ್ಲ ಉಕ್ಕಿನ ತುಂಡು. ಮೇಲಿನ ಬಳೆಯನ್ನು ಕ್ರೇನು ಎಳೆದಾಗ ಒಳಗಿನ ಕೊಂಡಿ ಕ್ಯಾಮನ್ನು ತಿರುಗಿಸಿ ಹಲ್ಲುಗಳನ್ನು ಪ್ಲೇಟಿನ ಮೈಗೆ ಒತ್ತುತ್ತದೆ. ತೂಕ ಹೆಚ್ಚಿದಷ್ಟೂ ಎಳೆತ ಹೆಚ್ಚುತ್ತದೆ, ಎಳೆತ ಹೆಚ್ಚಿದಷ್ಟೂ ಹಿಡಿತ ಬಿಗಿಯಾಗುತ್ತದೆ. ಅಂದರೆ ಇಲ್ಲಿ ಬಿಗಿಯುವುದು ಮನುಷ್ಯನ ಕೈಯಲ್ಲ, ಎತ್ತಲ್ಪಡುವ ವಸ್ತುವಿನ ತೂಕವೇ.

ಈ ಕಾರಣದಿಂದಲೇ ‘ಇಕ್ಕಳ’ ಎಂಬ ಸುಲಭವಾದ ಸಲಹೆ ನನಗೆ ಒಗ್ಗಲಿಲ್ಲ. ಇಕ್ಕಳ, ಇಕ್ಕುಳ ಎರಡು ರೂಪವೂ ಕಮ್ಮಾರಸಾಲೆಯಿಂದ ಅಡುಗೆಮನೆಯವರೆಗೆ ಚೆನ್ನಾಗಿ ನೆಲೆಗೊಂಡಿವೆ, ಆದರೆ ಇಕ್ಕಳ ಎಂದೊಡನೆ ಹಿಡಿದವನ ಕೈ ಸಡಿಲವಾದರೆ ವಸ್ತು ಬೀಳುತ್ತದೆ, ಕೈ ಬಿಗಿಯಿದ್ದರೆ ನಿಲ್ಲುತ್ತದೆ ಎಂಬ ಅರ್ಥ ಓದುವವನ ಮನಸ್ಸಿನಲ್ಲಿ ಬರುತ್ತದೆ. ‘ಪಟ್ಟು’ ಎಂದರೆ ಕುಸ್ತಿಯೋ ಹಟವೋ ಆಗಿಬಿಡುತ್ತದೆ. ‘ಹಿಡಿಕೆ’ ಎಂದರೆ ಬಾಗಿಲಿನದು. ಬಾವಿಗೆ ಬಿದ್ದ ಕೊಡವನ್ನು ಎತ್ತುವ ಪಾತಾಳಗರಡಿಯ ಮಾದರಿಯಲ್ಲಿ ಒಂದು ಹೆಸರು ಕಟ್ಟಬಹುದೆಂದು ಇಲ್ಲಿನ ಹಿರಿಯರೊಬ್ಬರು ಹೇಳಿದರು. ಹೆಸರು ಸೊಗಸಾಗಿದೆ, ನಿಜ, ಆದರೆ ಪಾತಾಳಗರಡಿ ಸಿಕ್ಕಿಸಿಕೊಂಡು ಎತ್ತುತ್ತದೆ, ಕಚ್ಚಿ ಎತ್ತುವುದಿಲ್ಲ. ಸಿಕ್ಕಿಸುವುದಕ್ಕೆ ನಮ್ಮಲ್ಲಿ ಕೊಕ್ಕೆ ಆಗಲೇ ಇದೆ.

‘ಕಚ್ಚು’ ಎಂಬ ಕ್ರಿಯಾಪದವಂತೂ ಕೆಲಸಗಾರರ ಬಾಯಲ್ಲೇ ಇದೆ. “ಸರ್ಯಾಗ್ ಕಚ್ಕಂಡಿದ್ಯಾ ನೋಡಪ್ಪ” ಎಂದು ಕ್ರೇನಿನವನಿಗೆ ಸನ್ನೆ ಮಾಡುವ ಮೊದಲು ಮೇಸ್ತ್ರಿ ಕೇಳುವುದು ಇದನ್ನೇ. ಹಾಗಾದರೆ ‘ಎತ್ತುಗಚ್ಚು’ ಎಂದು ಸಮಾಸ ಮಾಡೋಣವೆಂದರೆ, ಎತ್ತಿನಹೊಳೆಯ ಹೆಸರನ್ನು ದಿನವೂ ಸುದ್ದಿಯಲ್ಲಿ ಕೇಳುವ ನಮ್ಮ ಜಿಲ್ಲೆಯಲ್ಲಿ ಅದು ಎತ್ತು ಕಚ್ಚಿದ ಗಾಯದಂತೆ ಕೇಳಿಸುತ್ತದೆ. ಬರಿಯ ‘ಕಚ್ಚು’ ಮರಗೆಲಸದಲ್ಲಿ ಮರಕ್ಕೆ ಹಾಕುವ ಗುರುತಿನ ಹಳ್ಳಕ್ಕೆ ಸಲ್ಲುತ್ತದೆ. ಹೀಗಾಗಿ ‘ಕಚ್ಚು’ವನ್ನು ಹೆಸರಾಗಿ ಬಳಸದೆ, ಸೂಚನೆಯ ವಾಕ್ಯದಲ್ಲಿ ಕ್ರಿಯೆಯಾಗಿ ಮಾತ್ರ ಉಳಿಸಿಕೊಂಡಿದ್ದೇನೆ.

ಈಗ ಮುಖ್ಯ ತೊಡಕು. ಬೆಸುಗೆ ಹಾಕುವಾಗ ಎರಡು ತುಂಡುಗಳನ್ನು ಒಟ್ಟಿಗೆ ಅದುಮಿ ಹಿಡಿಯಲು ಬಳಸುವ, ತಿರುಪು ಇರುವ ಸಾಧನವೂ ‘ಕ್ಲಾಂಪ್’. ಅದನ್ನು ‘ಸಿ ಕ್ಲಾಂಪ್’ ಎಂದು ಕರೆಯುವುದುಂಟು, ಅವಸರದಲ್ಲಿ ಬರಿಯ ‘ಕ್ಲಾಂಪ್’ ಆಗುತ್ತದೆ. ಅದರ ಬಿಗಿ ತಿರುಪನ್ನು ಎಷ್ಟು ತಿರುವಿದೆವೋ ಅಷ್ಟೇ; ತೂಕ ಬಿದ್ದರೆ ಹೆಚ್ಚುವುದಿಲ್ಲ, ಪ್ಲೇಟು ಅಲುಗಾಡಿದರೆ ಕಡಿಮೆಯಾಗುತ್ತದೆ. ಅದನ್ನು ಪ್ಲೇಟಿನ ಅಂಚಿಗೆ ಬಿಗಿದು, ಅದರ ಬೆನ್ನಿಗೆ ಹಗ್ಗ ಸುತ್ತಿ ಎತ್ತುವ ದುರಭ್ಯಾಸ ಸಣ್ಣ ಶೆಡ್ಡುಗಳಲ್ಲಿ ಇದೆ. “ಕ್ಲಾಂಪ್ ಇಲ್ಲದೆ ಪ್ಲೇಟು ಎತ್ತಬಾರದು” ಎಂದು ನಾನು ಗೋಡೆಯ ಮೇಲೆ ಬರೆದರೆ, ಸಿ ಕ್ಲಾಂಪ್ ಹಾಕಿ ಎತ್ತಿದವನು ಸೂಚನೆಯನ್ನು ಅಕ್ಷರಶಃ ಪಾಲಿಸಿದಂತೆಯೇ ಆಗುತ್ತದೆ. ತಿರುಪು ಇದ್ದದ್ದೆಲ್ಲ ಎತ್ತಲು ಬಾರದೆಂದೂ ಹೇಳುವಂತಿಲ್ಲ, ಏಕೆಂದರೆ ಎತ್ತುವುದಕ್ಕೆಂದೇ ತಯಾರಾದ ತಿರುಪಿನ ಕ್ಲಾಂಪುಗಳೂ ಇವೆ. ವ್ಯತ್ಯಾಸ ಇರುವುದು ಅದನ್ನು ಎತ್ತಲೆಂದು ತಯಾರಿಸಿ, ಎಷ್ಟು ತೂಕವೆಂದು ಅದರ ಮೈಮೇಲೆ ಅಚ್ಚೊತ್ತಿದ್ದಾರೆಯೇ ಎಂಬುದರಲ್ಲಿ. ಆದ್ದರಿಂದ ನನ್ನ ಸಲಹೆ: ‘ಎತ್ತುವ ಕ್ಲಾಂಪ್’ ಮತ್ತು ‘ಅದುಮುವ ಕ್ಲಾಂಪ್’. ಬರಿಯ ‘ಕ್ಲಾಂಪ್’ ಎಂಬ ಪದ ಸೂಚನಾ ಫಲಕದಲ್ಲಿ ಎಲ್ಲಿಯೂ ಒಂಟಿಯಾಗಿ ಬರಬಾರದು.

2025ರ ನವೆಂಬರಿನವರೆಗೆ ಜಾರಿಯಲ್ಲಿದ್ದ 1948ರ ಕಾರ್ಖಾನೆಗಳ ಅಧಿನಿಯಮದ 29ನೆಯ ಪ್ರಕರಣವು ಎತ್ತುವ ಸಲಕರಣೆಗಳನ್ನು ವಿವರಿಸುವಾಗ ಸರಪಳಿ, ಹಗ್ಗದ ಸ್ಲಿಂಗು (ಭಾರಕ್ಕೆ ಸುತ್ತುವ ಕುಣಿಕೆ), ಕೊಕ್ಕೆ, ಶ್ಯಾಕಲ್ (ಯು ಆಕಾರದ ಕೊಂಡಿ) ಇವುಗಳ ಸಾಲಿನಲ್ಲೇ ಕ್ಲಾಂಪನ್ನೂ ಹೆಸರಿಸಿತ್ತು. ಹನ್ನೆರಡು ತಿಂಗಳಿಗೆ ಒಮ್ಮೆಯಾದರೂ ಸಕ್ಷಮ ವ್ಯಕ್ತಿಯಿಂದ ಪೂರ್ತಿ ಪರೀಕ್ಷೆ ಆಗಬೇಕೆಂದೂ, ಸುರಕ್ಷಿತವಾಗಿ ಎತ್ತಬಹುದಾದ ತೂಕವನ್ನೂ ಗುರುತಿನ ಚಿಹ್ನೆಯನ್ನೂ ಅದರ ಮೇಲೆ ಸ್ಪಷ್ಟವಾಗಿ ನಮೂದಿಸಬೇಕೆಂದೂ ಹೇಳುತ್ತಿತ್ತು. ಅಲ್ಲಿ ಹೇಳಿರುವುದು ಎತ್ತಲು ಬಳಸುವ ಕ್ಲಾಂಪಿನ ಬಗ್ಗೆ ಎಂಬುದು ವಾಕ್ಯದ ಸಂದರ್ಭದಿಂದಲೇ ತಿಳಿಯುತ್ತದೆ. ಗೋಡೆಯ ಫಲಕಕ್ಕೆ ಅಂಥ ಸಂದರ್ಭದ ಆಸರೆ ಇಲ್ಲ. ಅದನ್ನು ಅರ್ಧ ಓದಿ ಹೋಗುವವರೇ ಹೆಚ್ಚು.

ಎರಡನೆಯ ಪ್ರಶ್ನೆ ದಿಕ್ಕಿನದು. ಪ್ಲೇಟನ್ನು ನೆಟ್ಟಗೆ ಎತ್ತುವ ಕ್ಲಾಂಪು ಬೇರೆ, ಮಲಗಿದಂತೆಯೇ ಎತ್ತುವ ಕ್ಲಾಂಪು ಬೇರೆ. ಎರಡನೆಯದನ್ನು ಜೋಡಿಯಾಗಿ, ಉದ್ದನೆಯ ಪ್ಲೇಟಾದರೆ ಎರಡು ಜೋಡಿಯಾಗಿ ಎದುರುಬದುರು ಅಂಚುಗಳಿಗೆ ಹಾಕಬೇಕು. ಒಂದನ್ನೇ ಹಾಕಿ ಎತ್ತುವಂತಿಲ್ಲ. ಪಾರಿಭಾಷಿಕ ಪದಕೋಶದ ದಾರಿ ಹಿಡಿದರೆ ‘ಲಂಬ ಕ್ಲಾಂಪ್’, ‘ಸಮತಲ ಕ್ಲಾಂಪ್’ ಎನ್ನಬೇಕಾಗುತ್ತದೆ. ಹತ್ತನೆಯ ತರಗತಿಯ ರೇಖಾಗಣಿತ ಮರೆತವನಿಗೆ ಲಂಬ ಎಂದರೆ ಕ್ಲಾಂಪು ನಿಂತಿರಬೇಕೋ ಪ್ಲೇಟು ನಿಂತಿರಬೇಕೋ ತಿಳಿಯುವುದಿಲ್ಲ. ‘ಅಡ್ಡ’ ಎಂಬ ಪದವೂ ಅಷ್ಟೇನೂ ನಂಬಿಕಸ್ಥನಲ್ಲ: ನಮ್ಮ ಕಡೆ ‘ಅಡ್ಡ ಹಾಕು’ ಎಂದರೆ ದಾರಿಗೆ ಅಡ್ಡ ಹಾಕುವುದೂ ಆಗುತ್ತದೆ. ಶೆಡ್ಡಿನಲ್ಲಿ ಕೇಳಿಬರುವ ಮಾತು “ಪ್ಲೇಟ್ ನಿಲ್ಸು”, “ಪ್ಲೇಟ್ ಮಲಗ್ಸು” ಎಂಬುದೇ. ಹಾಗಾಗಿ ‘ನಿಲ್ಲಿಸಿ ಎತ್ತುವ ಕ್ಲಾಂಪ್’, ‘ಮಲಗಿಸಿ ಎತ್ತುವ ಕ್ಲಾಂಪ್’ ಎಂದರೆ ಹೆಸರು ಉದ್ದವಾದರೂ, ನಿಲ್ಲುವುದೂ ಮಲಗುವುದೂ ಪ್ಲೇಟೇ ಎಂಬುದು ಅದರಲ್ಲೇ ಅಡಗಿದೆ. ಮಲಗಿದ ಪ್ಲೇಟನ್ನು ಮೇಲಕ್ಕೆ ತಿರುಗಿಸಿ ನಿಲ್ಲಿಸಲು ಬಳೆ ಮಡಚುವಂಥ ಮೂರನೆಯ ಬಗೆ ಇದೆ. ಅದನ್ನು ‘ಹೊರಳಿಸುವ ಕ್ಲಾಂಪ್’ ಎನ್ನಬಹುದೆಂದು ತೋರುತ್ತದೆ, ಇದಕ್ಕೆ ಆಕ್ಷೇಪ ಇರಲಾರದು.

ತೊಲೆಯ ವಿಷಯ ಇದಕ್ಕಿಂತ ಸ್ವಾರಸ್ಯಕರ. ಮಾರಾಟಗಾರರ ಪಟ್ಟಿಗಳಲ್ಲಿ ‘ಬೀಮ್ ಕ್ಲಾಂಪ್’ ಎಂಬ ಹೆಸರಿನಲ್ಲಿ ಎರಡು ಸಾಧನಗಳು ಸಿಗುತ್ತವೆ. ಒಂದು, ಛಾವಣಿಯ ಉಕ್ಕಿನ ತೊಲೆಗೆ ಬಿಗಿದು, ಅದರಿಂದ ಚೈನ್ ಪುಲ್ಲಿಯನ್ನು ತೂಗುಹಾಕಲು ಬಳಸುವಂಥದ್ದು. ಅಲ್ಲಿ ತೊಲೆ ಅಲುಗಾಡದೆ ನಿಂತಿರುತ್ತದೆ, ಭಾರ ಕೆಳಗೆ ತೂಗುತ್ತದೆ. ಇನ್ನೊಂದು, ತೊಲೆಯನ್ನೇ ಕಚ್ಚಿ ಎತ್ತುವಂಥದ್ದು. ಮೊದಲನೆಯದನ್ನು ಎರಡನೆಯದರ ಜಾಗದಲ್ಲಿ ಬಳಸಿದರೆ ಏನಾಗುವುದೆಂದು ವಿವರಿಸಬೇಕಿಲ್ಲ. ‘ತೊಲೆ ಕ್ಲಾಂಪ್’ ಎಂದು ಅನುವಾದಿಸಿದರೆ ಆ ಗೊಂದಲವನ್ನೇ ನಾವೂ ಹೊತ್ತು ತಂದಂತೆ. ಕನ್ನಡದ ವಿಭಕ್ತಿ ಇಲ್ಲಿ ನೆರವಿಗೆ ಬರುತ್ತದೆ: ‘ತೊಲೆಗೆ ಬಿಗಿಯುವ ಕ್ಲಾಂಪ್’, ‘ತೊಲೆಯನ್ನು ಎತ್ತುವ ಕ್ಲಾಂಪ್’. ಚತುರ್ಥಿ, ದ್ವಿತೀಯೆಗಳ ನಡುವಿನ ಸಣ್ಣ ವ್ಯತ್ಯಾಸ ಇಷ್ಟು ಉಪಯೋಗಕ್ಕೆ ಬಂದದ್ದನ್ನು ನಾನು ವ್ಯಾಕರಣದ ಪಾಠದಲ್ಲೂ ಕಂಡಿರಲಿಲ್ಲ. ತೊಲೆ ಎಂದರೆ ಸಕಲೇಶಪುರ, ಮೂಡಿಗೆರೆ ಕಡೆಯವರಿಗೆ ಮರದ್ದೇ ನೆನಪಾಗುತ್ತದೆ ಎಂಬ ಆಕ್ಷೇಪ ಒಂದಿದೆ. ಉಕ್ಕಿನ ತೊಲೆ ಎಂದು ಫಲಕದ ತಲೆಬರಹದಲ್ಲಿ ಒಮ್ಮೆ ಹೇಳಿದರೆ ಸಾಕೆಂದು ನನ್ನ ಅಭಿಪ್ರಾಯ.

ತೂಕವನ್ನು ಸೂಚಿಸುವ ಪದದಲ್ಲಿ ಮಾತ್ರ ನಾನು ಪದಕೋಶದೊಂದಿಗೆ ಜಗಳಕ್ಕೇ ನಿಲ್ಲುತ್ತೇನೆ. ‘ಸುರಕ್ಷಿತ ಕಾರ್ಯಭಾರ’ ಎಂಬ ರೂಪ ಅನುವಾದಗಳಲ್ಲಿ ಕಾಣುತ್ತದೆ. ಕಾಲೇಜಿನಲ್ಲಿ ಪಾಠ ಮಾಡಿದವರನ್ನು ಕೇಳಿ, ಕಾರ್ಯಭಾರ ಎಂದರೆ ವಾರಕ್ಕೆ ಎಷ್ಟು ಗಂಟೆ ಪಾಠ ಎಂದು ಹೇಳುತ್ತಾರೆ. ‘ಎತ್ತಬಹುದಾದ ಗರಿಷ್ಠ ತೂಕ’ ಎಂದರೆ ಯಾರಿಗೂ ಅರ್ಥವಾಗುತ್ತದೆ. ‘ಸಾಮರ್ಥ್ಯ’ ಚಿಕ್ಕದಾಗಿದೆ, ಆದರೆ ಅದರಲ್ಲಿ ಒಂದು ಅಪಾಯ ಅಡಗಿದೆ: ಸಾಮರ್ಥ್ಯ ಹೆಚ್ಚಿದಷ್ಟೂ ಒಳ್ಳೆಯದು ಎಂದು ನಮ್ಮ ಮನಸ್ಸು ತಾನಾಗಿಯೇ ತೀರ್ಮಾನಿಸುತ್ತದೆ. ಕ್ಲಾಂಪಿನಲ್ಲಿ ಅದು ನಿಜವಲ್ಲ. ಹಿಡಿತ ತೂಕದಿಂದಲೇ ಹುಟ್ಟುವುದರಿಂದ, ತೂಕ ತೀರಾ ಕಡಿಮೆಯಾದರೆ ಹಲ್ಲು ಸಾಕಷ್ಟು ಒತ್ತುವುದಿಲ್ಲ. ಅನೇಕ ತಯಾರಕರು ಗರಿಷ್ಠದ ಜೊತೆಗೆ ಕನಿಷ್ಠ ತೂಕವನ್ನೂ ಹೇಳುವುದು ಇದಕ್ಕಾಗಿ. ಒಂದು ಚದರ ಮೀಟರ್ ಉಕ್ಕಿನ ಪ್ಲೇಟು ಪ್ರತಿ ಮಿಲಿಮೀಟರ್ ದಪ್ಪಕ್ಕೆ ಸುಮಾರು 7.85 ಕಿಲೋ ತೂಗುತ್ತದೆ. 6 ಮೀಟರ್ ಉದ್ದ, 1.5 ಮೀಟರ್ ಅಗಲ, 12 ಮಿಲಿಮೀಟರ್ ದಪ್ಪದ ಪ್ಲೇಟೆಂದರೆ ಹತ್ತಿರ ಹತ್ತಿರ 850 ಕಿಲೋ. ಅದೇ ಪ್ಲೇಟಿನಿಂದ ಕತ್ತರಿಸಿದ ಒಂದು ಮೀಟರ್ ಉದ್ದ, ಅರ್ಧ ಮೀಟರ್ ಅಗಲದ ತುಂಡು 47 ಕಿಲೋ ಮಾತ್ರ. ಮೂರು ಟನ್ನಿನ ಕ್ಲಾಂಪು ಮೊದಲನೆಯದನ್ನು ನಿರಾಯಾಸವಾಗಿ ಎತ್ತುತ್ತದೆ. ಎರಡನೆಯದಕ್ಕೆ ಅದನ್ನೇ ಹಾಕುವವನು ದೊಡ್ಡದು ಸುರಕ್ಷಿತ ಎಂದು ನಂಬಿ ಹಾಕುತ್ತಾನೆ. ಫಲಕದಲ್ಲಿ ‘ಗರಿಷ್ಠ ತೂಕ’, ‘ಕನಿಷ್ಠ ತೂಕ’ ಎರಡನ್ನೂ ಅಕ್ಕಪಕ್ಕದಲ್ಲಿ ಬರೆಯುವುದೆಂದು ನಿರ್ಧರಿಸಿದ್ದೇನೆ.

ಬಿಡಿಭಾಗಗಳಲ್ಲಿ ಹೆಚ್ಚು ತಕರಾರಿಲ್ಲ. ‘ಬಾಯಿ’, ‘ಹಲ್ಲು’, ‘ಬಳೆ’ ಈಗಾಗಲೇ ಚಾಲ್ತಿಯಲ್ಲಿವೆ. ಕ್ಯಾಮ್ ಕ್ಯಾಮೇ ಆಗಿರಲಿ. ‘ಲಾಕ್’ ಎಂಬುದನ್ನು ಮಾತ್ರ ‘ಬೀಗ’ ಎಂದು ಬರೆಯಬಾರದೆಂದು ಕೇಳಿಕೊಳ್ಳುತ್ತೇನೆ. ಬೀಗ ಹಾಕಿದೆ ಎಂದರೆ ಇನ್ನು ಬಿಚ್ಚಿಕೊಳ್ಳಲಾರದು ಎಂಬ ಭರವಸೆ ಬರುತ್ತದೆ. ಕ್ಲಾಂಪಿನ ಲಾಕ್ ಮಾಡುವ ಕೆಲಸ ಅಷ್ಟು ದೊಡ್ಡದಲ್ಲ: ಪ್ಲೇಟು ನೆಲಕ್ಕೆ ತಾಗಿ ಸರಪಳಿ ಸಡಿಲವಾದ ಕ್ಷಣದಲ್ಲಿ ಬಾಯಿ ತೆರೆದುಕೊಳ್ಳದಂತೆ ಸ್ಪ್ರಿಂಗಿನ ಬಲದಿಂದ ಕ್ಯಾಮನ್ನು ಪ್ಲೇಟಿಗೆ ಒತ್ತಿ ಇಡುವುದಷ್ಟೇ. ಮೇಲಕ್ಕೆತ್ತಿದಾಗ ಭಾರವನ್ನು ಹಿಡಿಯುವುದು ಹಲ್ಲು. ಹಲ್ಲಿನ ಸಂದಿಯಲ್ಲಿ ಬಣ್ಣವೋ ತುಕ್ಕಿನ ಪುಡಿಯೋ ತುಂಬಿದ್ದರೆ, ಪ್ಲೇಟಿಗೆ ಎಣ್ಣೆ ಮೆತ್ತಿದ್ದರೆ, ಅಥವಾ ಪ್ಲೇಟಿನ ಉಕ್ಕೇ ಹಲ್ಲು ನಾಟದಷ್ಟು ಗಟ್ಟಿಯಾಗಿದ್ದರೆ, ಲಾಕ್ ಬಿದ್ದಿದ್ದರೂ ಪ್ಲೇಟು ಜಾರಬಹುದು. ‘ಚಿಲಕ’ ಎಂದರೆ ಈ ಮಿತಿ ತಾನಾಗಿಯೇ ಸೂಚಿತವಾಗುತ್ತದೆ.

ಹೀಗೆಲ್ಲ ಯೋಚಿಸಿ ನಿಲ್ಲಿಸಿ ಎತ್ತುವ ಕ್ಲಾಂಪಿಗೆ ಬರೆದಿರುವ ಕರಡು ಹೀಗಿದೆ: “ಗರಿಷ್ಠ, ಕನಿಷ್ಠ ತೂಕವನ್ನೂ ಪ್ಲೇಟಿನ ದಪ್ಪವನ್ನೂ ಕ್ಲಾಂಪಿನ ಮೇಲಿನ ಬರಹದೊಂದಿಗೆ ಹೋಲಿಸಿ. ಹಲ್ಲನ್ನು ತಂತಿ ಬ್ರಶ್ಶಿನಿಂದ ಉಜ್ಜಿ. ಪ್ಲೇಟಿನ ಅಂಚು ಬಾಯಿಯ ಒಳಗಿನ ಕೊನೆಗೆ ತಾಗುವಂತೆ ಕೂರಿಸಿ ಚಿಲಕ ಹಾಕಿ. ಒಮ್ಮೆಗೆ ಒಂದೇ ಪ್ಲೇಟು. ನೆಲದಿಂದ ಸ್ವಲ್ಪವೇ ಎತ್ತಿ ನಿಲ್ಲಿಸಿ, ಕಚ್ಚಿರುವುದನ್ನು ನೋಡಿ, ಆಮೇಲೆ ಮೇಲಕ್ಕೆ ಎತ್ತಿ. ಎತ್ತಿದ ಪ್ಲೇಟಿನ ಕೆಳಗೂ ಅದು ವಾಲಬಹುದಾದ ಕಡೆಯೂ ಯಾರೂ ನಿಲ್ಲಬಾರದು.” ‘ನಿಲ್ಲಿಸಿ’ ಎಂಬ ಪದ ಇಲ್ಲಿ ಪ್ಲೇಟನ್ನು ನೆಟ್ಟಗೆ ಮಾಡುವುದಕ್ಕೂ ಕ್ರೇನನ್ನು ತಡೆಯುವುದಕ್ಕೂ ಬಂದಿದೆ, ಎರಡನೆಯ ಕಡೆ ‘ತಡೆದು’ ಎಂದರೆ ಸರಿಹೋದೀತೇ ಎಂದು ತಾವು ನೋಡಬೇಕು.

ಎತ್ತುವ ಕೆಲಸದ ಪದಗಳು ಊರಿಂದೂರಿಗೆ ಕೆಲಸಗಾರರ ಜೊತೆಯಲ್ಲೇ ನಡೆದುಬರುತ್ತವೆ. ಇಳಿಸು ಎನ್ನಲು ಖಲಾಸಿಗಳು ಕೂಗುವ ‘ಆರಿಯಾ’ ಪೋರ್ಚುಗೀಸರ ಹಡಗುಗಳ ಕಾಲದ್ದು. ಆದ್ದರಿಂದ ನಾನು ಹೊಸದಾಗಿ ಕಟ್ಟಿದ ಹೆಸರಿಗಿಂತ, ಬಳಕೆಯಲ್ಲಿರುವ ಹೆಸರೊಂದು ಸಿಕ್ಕಿದರೆ ಅದನ್ನೇ ಇಟ್ಟುಕೊಳ್ಳುವ ಆಸೆ. ಮೂಡಿಗೆರೆ, ಕೊಪ್ಪ, ಶೃಂಗೇರಿ ಕಡೆಯ ಸದಸ್ಯರಲ್ಲಿ ಮರದ ಡಿಪೋಗಳ ಒಡನಾಟ ಇರುವವರು ದಯವಿಟ್ಟು ತಿಳಿಸಬೇಕು: ದಿಮ್ಮಿಯ ಎರಡು ಪಕ್ಕಕ್ಕೆ ಮೊನೆ ನಾಟಿಸಿ, ಸರಪಳಿ ಎಳೆದಂತೆಲ್ಲ ತಾನೇ ಬಿಗಿಯಾಗುತ್ತಾ ಹೋಗುವ ಕಬ್ಬಿಣದ ಸಾಧನವನ್ನು ಅಲ್ಲಿನ ಕೂಲಿಯವರು, ಮಾವುತರು ಏನೆಂದು ಕರೆಯುತ್ತಾರೆ? ಅದರ ಹೆಸರು ಒಂಟಿಯಾಗಿ ಬಳಕೆಯಲ್ಲಿದೆಯೇ ಅಥವಾ ‘ಸರಪಳಿ’ಯ ಜೊತೆ ಸೇರಿ ಬರುತ್ತದೆಯೇ ಎಂಬುದನ್ನೂ, ಸಾಧ್ಯವಾದರೆ ಅವರು ಆಡಿದ ಒಂದು ಪೂರ್ಣ ವಾಕ್ಯದೊಂದಿಗೆ, ಬರೆದು ಕಳಿಸಿ.