ವಾರದ ಸಭೆಗೆ ಜನ ಬರ್ತಿಲ್ಲ, ಮುಂದೆ ಎರಡು ಶಿಬಿರ ಇದೆ. ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ನಮ್ಮ ಸೇವಾ ಕ್ಲಬ್‌ಗೆ ಈ ವರ್ಷ ನಾನು ಕಾರ್ಯದರ್ಶಿ. ಮುಂದಿನ ತಿಂಗಳು ರಕ್ತದಾನ ಶಿಬಿರ ಇದೆ, ಅದಾಗಿ ಎರಡೇ ವಾರಕ್ಕೆ ಕಣ್ಣಿನ ತಪಾಸಣೆ. ಆದರೆ ವಾರದ ಸಭೆಗೆ ಅರ್ಧ ಜನವೂ ಬರುತ್ತಿಲ್ಲ. ಹೋದ ವಾರ ಸ್ವಯಂಸೇವಕರ ಪಟ್ಟಿಯ ಹಾಳೆ ಇಡೀ ಮೇಜು ಸುತ್ತಿ ವಾಪಸ್ ಬಂತು. ಅದರಲ್ಲಿ ನಾಲ್ಕೇ ಹೆಸರು, ನಾಲ್ಕೂ ಪದಾಧಿಕಾರಿಗಳದ್ದೇ. ತುಂಬಾ ಬೇಜಾರಾಯಿತು.

ಸಭೆಯನ್ನು ಒಂದೂವರೆ ಗಂಟೆಯಿಂದ ಒಂದು ಗಂಟೆಗೆ ಇಳಿಸಿದೆವು. ವಾಟ್ಸಾಪ್‌ನಲ್ಲಿ ಪೋಲ್ ಹಾಕಿದೆ. ಒಬ್ಬೊಬ್ಬರಿಗೂ ಫೋನ್ ಮಾಡಿದೆ. 'ನೋಡೋಣ' ಅಂತಾರೆ, ಅಷ್ಟೇ. ಸದಸ್ಯರೇ ರಕ್ತ ಕೊಡಲಿ ಅಂದರೆ, ಸುಮಾರು ಜನ ಎರಡು ತಿಂಗಳ ಹಿಂದಷ್ಟೇ ಕೊಟ್ಟಿದ್ದಾರೆ. ಗಂಡಸರಿಗೆ ಕನಿಷ್ಠ 90 ದಿನ, ಹೆಂಗಸರಿಗೆ 120 ದಿನ ಅಂತರ ಇರಬೇಕು ಅಲ್ವಾ. ಹಾಗಾಗಿ ಹೊರಗಿನ ದಾನಿಗಳೇ ಬೇಕು, ಅವರನ್ನು ಕರೆತರೋದಕ್ಕೂ ಜನ ಬೇಕು.

ನಾನು ಸಿಕ್ಕಿಹಾಕಿಕೊಂಡಿರೋದು ಇಲ್ಲೇ. ರೋಟರಿಯವರು 2016ರಲ್ಲಿ ನಿಯಮ ಸಡಿಲಿಸಿ, ತಿಂಗಳಿಗೆ ಎರಡು ಸಭೆ ಆದರೂ ಸಾಕು ಅಂದರು. ನಾವೂ ಹಾಗೆ ಮಾಡಿ, ಉಳಿದ ಎರಡು ವಾರ ಬರೀ ಶಿಬಿರದ ಕೆಲಸಕ್ಕೆ ಸೇರೋಣ ಅಂತ ನನ್ನ ಆಸೆ. ವಾರದ ಸಭೆ ತಪ್ಪಿದರೆ ಇರೋ ಒಡನಾಟವೂ ಹೋಗುತ್ತೆ ಅಂತ ಹಿರಿಯರು ಹೇಳುತ್ತಾರೆ. ಅವರ ಮಾತನ್ನು ಸುಮ್ನೆ ತಳ್ಳಿಹಾಕೋಕೂ ಆಗಲ್ಲ.

ವಾರದ ಸಭೆಯನ್ನು ತಿಂಗಳಿಗೆ ಎರಡಕ್ಕೆ ಇಳಿಸಿದ ಕ್ಲಬ್‌ನವರು ಇಲ್ಲಿದ್ದರೆ ದಯವಿಟ್ಟು ಹೇಳಿ: ಶಿಬಿರಕ್ಕೆ ಬರೋ ಸ್ವಯಂಸೇವಕರು ಜಾಸ್ತಿ ಆದರಾ, ಕಮ್ಮಿ ಆದರಾ? ಈ ಬದಲಾವಣೆ ಶಿಬಿರಗಳಿಗೆ ಮೊದಲೇ ಮಾಡೋದಾ, ಮುಗಿದ ಮೇಲಾ?